ಕಪ್ಪಿನೊಳಗಿನ ನೇರಳೆ: ಹ್ಯೂಸ್ಟನ್‌ನ ರಾಥ್ಕೊ ಚಾಪೆಲ್‌ಗೆ ಹೋಗುವವರಿಗೆ

ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಬಂದಿದ್ದೀರಿ. ನಾಸಾದ ಸ್ಪೇಸ್ ಸೆಂಟರ್ ನೋಡಿದ್ದಾಯಿತು, ಪಿಯರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೂ ಹೋಗಿಬಂದಿರಿ. ಇನ್ನೊಂದು ದಿನ ಬಿಡುವಿದ್ದರೆ ಮಾಂಟ್ರೋಸ್ ಬಡಾವಣೆಯ ರಾಥ್ಕೊ ಚಾಪೆಲ್‌ಗೆ ಹೋಗಿ. ಅಲ್ಲಿರುವುದು 14 ಚಿತ್ರಗಳು. ಒಂದರಲ್ಲೂ ಮನುಷ್ಯನಿಲ್ಲ, ಮರವಿಲ್ಲ, ಕಥೆಯಿಲ್ಲ; ಬಣ್ಣ ಮತ್ತು ಬೆಳಕು ಮಾತ್ರ. ಪ್ರವೇಶ ಉಚಿತ. ಆದರೆ ಕನಿಷ್ಠ ಒಂದು ಗಂಟೆ ಕೈಯಲ್ಲಿರಬೇಕು. ಅವಸರದಲ್ಲಿ ಹೋದವರಿಗೆ ಅಲ್ಲಿ ಕಾಣುವುದು ಕಪ್ಪು ಹಲಗೆಗಳು ಅಷ್ಟೇ.

ಹಿನ್ನೆಲೆ

ಮಾರ್ಕ್ ರಾಥ್ಕೊ 1903ರಲ್ಲಿ ಇಂದಿನ ಲಾಟ್ವಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದವರು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಒಳಗಿನಿಂದಲೇ ಬೆಳಗುವಂತೆ ಕಾಣುವ ದೊಡ್ಡ ಅಮೂರ್ತ ಚಿತ್ರಗಳಿಂದ ಹೆಸರಾದರು. 1964ರಲ್ಲಿ ಜಾನ್ ಮತ್ತು ಡೊಮಿನಿಕ್ ಡಿ ಮೆನಿಲ್ ದಂಪತಿ ಪ್ರಾರ್ಥನಾ ಮಂದಿರವೊಂದಕ್ಕೆ ಚಿತ್ರ ಬರೆದುಕೊಡಲು ಕೇಳಿದಾಗ, ಅವರು ಹೊಳಪಿನ ಬಣ್ಣಗಳನ್ನೆಲ್ಲ ಬಿಟ್ಟು ನೇರಳೆ, ಕಂದುಗೆಂಪು, ಕಪ್ಪನ್ನು ಆರಿಸಿಕೊಂಡರು. ನ್ಯೂಯಾರ್ಕ್‌ನ ತಮ್ಮ ಸ್ಟುಡಿಯೊದಲ್ಲಿ ಮಂದಿರದ ಗೋಡೆಗಳನ್ನು ಅದೇ ಅಳತೆಯಲ್ಲಿ ನಿಲ್ಲಿಸಿಕೊಂಡು, ಬೆಳಕಿಂಡಿಯ ಕೆಳಗೆ ಪ್ಯಾರಾಚೂಟ್ ಬಟ್ಟೆ ಕಟ್ಟಿ ಬಿಸಿಲನ್ನು ಹದ ಮಾಡಿಕೊಂಡು ಕೆಲಸ ಮಾಡಿದರು.

1970ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು; ಮಂದಿರ ತೆರೆದದ್ದು 1971ರ ಫೆಬ್ರವರಿಯಲ್ಲಿ. ನ್ಯೂಯಾರ್ಕ್‌ನ ತಣ್ಣನೆಯ ಬೆಳಕಿನಲ್ಲಿ ಹುಟ್ಟಿದ ಬಣ್ಣಗಳ ಮೇಲೆ ಟೆಕ್ಸಸ್‌ನ ಬಿಸಿಲು ನೇರ ಸುರಿಯತೊಡಗಿತು. ಅದನ್ನು ತಡೆಯಲು ಬೆಳಕಿಂಡಿಯ ಕೆಳಗೆ ದೊಡ್ಡ ಮರೆ ಕಟ್ಟಿದರು. ಆಗ ಕೋಣೆ ಮಂಕಾಯಿತು. 2020ರಲ್ಲಿ ದುರಸ್ತಿ ಮುಗಿಸಿ ಹೊಸ ಬೆಳಕಿಂಡಿ ಕೂರಿಸಿದ ಮೇಲೆ ಆ ಮರೆ ಹೋಗಿದೆ. ಈಗ ಹೋಗುವವರಿಗೆ ಸಿಗುವ ಬೆಳಕು ಹಿಂದಿನ ಹಲವು ದಶಕಗಳ ನೋಡುಗರಿಗೆ ಸಿಕ್ಕಿರಲಿಲ್ಲ.

ಯಾವಾಗ ಹೋಗಬೇಕು

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹವೆ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ಮಂಗಳೂರಿನ ಮೇ ತಿಂಗಳ ಸೆಕೆ ನೆನಪಾಗುತ್ತದೆ. ಚಾಪೆಲ್‌ಗೆ ಸೋಮವಾರ ರಜೆ, ಪಕ್ಕದ ಮೆನಿಲ್ ಸಂಗ್ರಹಾಲಯಕ್ಕೆ ಸೋಮವಾರ ಮತ್ತು ಮಂಗಳವಾರ ರಜೆ. ಆದ್ದರಿಂದ ಬುಧವಾರದಿಂದ ಭಾನುವಾರದ ಒಳಗೆ ದಿನ ಗೊತ್ತು ಮಾಡಿಕೊಳ್ಳಿ. ಮಂದಿರದಲ್ಲಿ ಆಗಾಗ ಕಾರ್ಯಕ್ರಮಗಳಿರುತ್ತವೆ, ಹೊರಡುವ ಮುನ್ನ ವೆಬ್‌ಸೈಟ್ ನೋಡಿ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಮೋಡ ಓಡಾಡುವ ದಿನವನ್ನೇ ಆರಿಸಿ. ಏಕೆಂಬುದು ಒಳಗೆ ಕುಳಿತಾಗ ತಿಳಿಯುತ್ತದೆ.

ಒಳಗೆ ಹೇಗೆ ನೋಡಬೇಕು

ಮೊಬೈಲ್ ಆಫ್ ಮಾಡಿ. ಒಳಗೆ ಫೋಟೊ ತೆಗೆಯುವಂತಿಲ್ಲ. ಎಂಟು ಮೂಲೆಯ ಕೋಣೆ, ನಡುವೆ ಬೆಂಚುಗಳು. ಬಂದ ತಕ್ಷಣ ಚಿತ್ರದ ಹತ್ತಿರ ಹೋಗಬೇಡಿ. ಬಾಗಿಲಿಗೆ ಎದುರಾಗಿರುವ ಉತ್ತರದ ಗೋಡೆಯತ್ತ ಮುಖ ಮಾಡಿ ಕೂರಿ. ಬೇಲೂರಿನಲ್ಲಿ ಸುಡುವ ಅಂಗಳದಿಂದ ನವರಂಗಕ್ಕೆ ಕಾಲಿಟ್ಟಾಗ ಮೊದಲು ಕತ್ತಲೆ ಮಾತ್ರ ಇರುತ್ತದಲ್ಲ, ಆಮೇಲೆ ಕಂಬಗಳ ತಿರುವು ಒಂದೊಂದಾಗಿ ಕಾಣತೊಡಗುತ್ತದಲ್ಲ, ಇಲ್ಲಿಯೂ ಕಣ್ಣಿಗೆ ಅಷ್ಟು ವ್ಯವಧಾನ ಬೇಕು.

ಎದುರಿಗೆ ಒಂದಕ್ಕೊಂದು ತಾಗಿಕೊಂಡ ಮೂರು ಕ್ಯಾನ್ವಾಸ್‌ಗಳಿವೆ, ಸುಮಾರು 15 ಅಡಿ ಎತ್ತರ. ಮೊದಲ ನೋಟಕ್ಕೆ ಕಪ್ಪು. ಐದಾರು ನಿಮಿಷ ಕಳೆಯಲಿ. ಕಪ್ಪೆಂದುಕೊಂಡದ್ದು ಬದನೆಕಾಯಿಯ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತದೆ. ಇನ್ನಷ್ಟು ಹೊತ್ತಿಗೆ ಒಂದು ಕಡೆ ತೆಳು, ಇನ್ನೊಂದು ಕಡೆ ದಟ್ಟವಾಗಿ ಹರಡಿದ ನೇರಳೆಯ ಪದರಗಳು ತೋರುತ್ತವೆ. ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂದರೆ ಇಡೀ ಗೋಡೆ ಹಿಂದಕ್ಕೆ ಸರಿದಂತಾಗುತ್ತದೆ. ಮೋಡ ಸರಿದರೆ ಬಣ್ಣ ಮತ್ತೆ ಮುಂದೆ ಬರುತ್ತದೆ. ಕ್ಯಾನ್ವಾಸ್ ಅದೇ, ಚಿತ್ರ ಮಾತ್ರ ಬೇರೆ. ಮೋಡದ ದಿನ ಆರಿಸಿ ಎಂದದ್ದು ಇದಕ್ಕೇ.

ನಂತರ ಪೂರ್ವ, ಪಶ್ಚಿಮದ ಗೋಡೆಗಳತ್ತ ತಿರುಗಿ. ಅಲ್ಲಿಯೂ ಮೂರು ಮೂರು ಕ್ಯಾನ್ವಾಸ್‌ಗಳು, ನಡುವಿನದು ತುಸು ಮೇಲೆ. ಒಟ್ಟು 14ರಲ್ಲಿ 7 ಚಿತ್ರಗಳು ಪೂರ್ತಿ ನೇರಳೆ, ಉಳಿದ 7ರಲ್ಲಿ ಕಂದುಗೆಂಪು ಅಂಚಿನ ನಡುವೆ ಕಪ್ಪು ಆಯತಗಳು. ಈಗ ಎದ್ದು, ಬದಿಗೆ ನಿಂತು, ಓರೆಯಾಗಿ ನೋಡಿ: ಅಂಚು ಮಂಕಾಗಿದ್ದರೆ ನಡುವಿನ ಕಪ್ಪಿಗೆ ನಸುಹೊಳಪಿದೆ. ಆ ಕಪ್ಪಿಗೆ ರಾಥ್ಕೊ ಎಣ್ಣೆ, ಮೊಟ್ಟೆ ಮತ್ತು ರಾಳ ಬೆರೆಸಿದ್ದರು. ಮುಟ್ಟಬೇಡಿ, ಈ ಮೇಲ್ಮೈ ಬಹಳ ಸೂಕ್ಷ್ಮ. ಹೊರಡುವಾಗ ಬಾಗಿಲ ಗೋಡೆಯ ಒಂಟಿ ಚಿತ್ರವನ್ನು ಮರೆಯಬೇಡಿ. ಒಳಬರುವಾಗ ಅದು ನಿಮ್ಮ ಬೆನ್ನ ಹಿಂದಿರುತ್ತದೆ.

ಸುತ್ತಮುತ್ತ

ಹೊರಗಿನ ಕೊಳದಲ್ಲಿ ನಿಂತಿರುವುದು ಬಾರ್ನೆಟ್ ನ್ಯೂಮನ್‌ರ ಉಕ್ಕಿನ ಶಿಲ್ಪ ‘ಬ್ರೋಕನ್ ಒಬೆಲಿಸ್ಕ್’, ಮಾರ್ಟಿನ್ ಲೂಥರ್ ಕಿಂಗ್‌ಗೆ ಅರ್ಪಿತವಾದದ್ದು. ಕೆಲವೇ ಹೆಜ್ಜೆ ದೂರದಲ್ಲಿ ರೆಂಜೊ ಪಿಯಾನೊ ವಿನ್ಯಾಸದ ಮೆನಿಲ್ ಸಂಗ್ರಹಾಲಯ ಇದೆ. 1987ರಲ್ಲಿ ತೆರೆದ ಇಲ್ಲಿಗೂ ಪ್ರವೇಶ ಉಚಿತ. ಅದರದೇ ಭಾಗವಾದ ರಿಚ್ಮಂಡ್ ಹಾಲ್‌ಗೆ ನಡೆದೇ ಹೋಗಬಹುದು. ಹಿಂದೆ ದಿನಸಿ ಅಂಗಡಿಯಾಗಿದ್ದ ಆ ಕಟ್ಟಡದ ಗೋಡೆಗಳಿಗೆ ಡಾನ್ ಫ್ಲೇವಿನ್ ಬಣ್ಣಬಣ್ಣದ ಟ್ಯೂಬ್‌ಲೈಟ್ ಜೋಡಿಸುವ ಯೋಜನೆ ಮಾಡಿದರು. 1996ರಲ್ಲಿ ಸಾಯುವ ಮುನ್ನ ಅವರು ಮುಗಿಸಿದ ಕೊನೆಯ ಕೆಲಸಗಳಲ್ಲಿ ಇದೊಂದು. ರಾಥ್ಕೊನ ಅಡಗಿದ ಬೆಳಕಾದ ಮೇಲೆ ಈ ಬಿಚ್ಚು ಬೆಳಕನ್ನು ನೋಡುವುದೇ ಸರಿಯಾದ ಕ್ರಮ.

ಗಮನದಲ್ಲಿರಲಿ

ಕಾರು ಇಲ್ಲದಿದ್ದರೆ ಟ್ಯಾಕ್ಸಿಯೇ ಸುಲಭ. ಮೆನಿಲ್‌ನ ಹುಲ್ಲುಹಾಸಿನ ಮೇಲೆ ಕುಳಿತು ಉಣ್ಣಬಹುದು, ಚಿತ್ರಾನ್ನವೋ ಚಪಾತಿಯೋ ಡಬ್ಬಿಗೆ ಹಾಕಿಕೊಂಡು ಹೋಗಿ. ಚಿಕ್ಕ ಮಕ್ಕಳು ಒಳಗೆ ಸುಮ್ಮನಿರುವುದು ಕಷ್ಟ. ಹಿರಿಯರು ಸರದಿಯ ಮೇಲೆ ಒಳಗೆ ಹೋದರೆ ಮಕ್ಕಳು ಹೊರಗೆ ಆಡಿಕೊಂಡಿರುತ್ತಾರೆ. ಒಳಗೆ ತಣ್ಣಗಿರುತ್ತದೆ, ಅಜ್ಜಿ ತಾತಂದಿರಿಗೆ ಒಂದು ಶಾಲು ಇರಲಿ.

ಮನೆಗೆ ಹೊರಡುವ ಮುನ್ನ, ಮುಚ್ಚುವ ಹೊತ್ತಿಗೆ ಸ್ವಲ್ಪ ಮೊದಲು, ಇನ್ನೊಮ್ಮೆ ಚಾಪೆಲ್‌ನೊಳಗೆ ಹೋಗಿ. ಟಿಕೆಟ್ ಇಲ್ಲದಿರುವುದರ ದೊಡ್ಡ ಲಾಭ ಇದೇ. ಮಧ್ಯಾಹ್ನ ಕುಳಿತ ಬೆಂಚಿನಲ್ಲೇ ಕೂರಿ, ಅದೇ ಉತ್ತರದ ಗೋಡೆಯನ್ನು ನೋಡಿ. ಮೊದಲ ಸಲ ನೇರಳೆ ಕಂಡ ಜಾಗ ಈಗ ಯಾವ ಬಣ್ಣದಲ್ಲಿದೆ ಎಂದು ಜೊತೆಗಿದ್ದವರನ್ನು ಹೊರಬಂದ ಮೇಲೆ ಕೇಳಿ. ಇಬ್ಬರ ಉತ್ತರವೂ ಒಂದೇ ಆಗಿರುವುದು ಅಪರೂಪ.