ಹಾಲುಹಲ್ಲೆಂಬ ಉದಾಸೀನ

ನಮ್ಮ ಕಡೆಯ ಹಳ್ಳಿಗಳಲ್ಲಿ ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುವುದುಂಟು. ಹೊಸ ಹಲ್ಲು ಚೆನ್ನಾಗಿ ಬರಲೆಂಬುದು ಹಿರಿಯರ ಹಾರೈಕೆ. ಬಿದ್ದ ಹಲ್ಲಿಗೆ ಇಷ್ಟು ಉಪಚಾರ ಮಾಡುವ ನಾವು, ಅದು ಬಾಯಲ್ಲಿದ್ದಾಗ ಏನು ಮಾಡಿದೆವೆಂದು ಕೇಳಿಕೊಳ್ಳುವುದಿಲ್ಲ.

ನಾನು ಪಿ.ಯು.ಸಿ. ಪರೀಕ್ಷೆಗೆ ಓದುತ್ತಿದ್ದಾಗ ಅಕ್ಕನ ಮಗನಿಗೆ ಎರಡು ವರ್ಷ. ಅಕ್ಕ ದಿನವಿಡೀ ಹೊಲದಲ್ಲಿ ದುಡಿದು ಮಲಗಿದರೆ, ರಾತ್ರಿ ಅವನನ್ನು ನೋಡಿಕೊಳ್ಳುವ ಪಾಲು ನನ್ನದು. ಅವನು ಅತ್ತರೆ ಓದು ಕೆಡುತ್ತದೆಂದು ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಿಗಿಡುತ್ತಿದ್ದೆ. ಅವನು ಚೀಪುತ್ತಲೇ ನಿದ್ದೆ ಹೋಗುತ್ತಿದ್ದ. ಮುಂದೆ ಹಲ್ಲು ಕಪ್ಪಾದಾಗ ಅಜ್ಜಿ, “ಬೀಳೋ ಹಲ್ಲಿಗೆ ಯಾಕವ್ವ ಔಷಧಿ?” ಎಂದರು. ನಾವೂ ಸುಮ್ಮನಾದೆವು. ನಾಲ್ಕನೆಯ ವರ್ಷದಲ್ಲಿ ಕೆನ್ನೆ ಊದಿ, ಮೂರು ರಾತ್ರಿ ಅವನು ಮಲಗಲಿಲ್ಲ. ಕೊನೆಗೆ ದಂತವೈದ್ಯರು ಎರಡು ದವಡೆ ಹಲ್ಲುಗಳನ್ನು ಕೀಳಬೇಕಾಯಿತು. ನಾನು ಪರೀಕ್ಷೆಯಲ್ಲಿ ತೇರ್ಗಡೆಯಾದೆ. ಅದರ ಬೆಲೆಯಲ್ಲಿ ಒಂದು ಪಾಲನ್ನು ಆ ಮಗು ತೆತ್ತಿತು. ಈ ವಿಷಯವನ್ನು ನಾನು ಅಭ್ಯಾಸ ಮಾಡಲು ಕಾರಣವಾದದ್ದು ಇದೇ.

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ ಕೆಳಗಿನ ಮುಂಬಲ್ಲು ಮೊದಲು ಮೂಡುತ್ತದೆ. ಮೂರು ವರ್ಷದೊಳಗೆ ಎಲ್ಲವೂ ಬರುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆಯಾದರೂ, ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕಾದವು. ಅಗಿಯುವುದು, ಮಾತು ಸ್ಪಷ್ಟವಾಗುವುದು ಇವುಗಳಿಂದ. ಇದಲ್ಲದೆ, ಮುಂದೆ ಬರುವ ಶಾಶ್ವತ ಹಲ್ಲಿಗೆ ಇವು ಜಾಗ ಕಾದಿರಿಸುತ್ತವೆ. ಅಕಾಲದಲ್ಲಿ ಒಂದು ಹೋದರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲುತ್ತವೆ. ಹೊಸ ಹಲ್ಲು ವಕ್ರವಾಗಿ ಬರಬಹುದು.

ಹಲ್ಲು ಹುಳುಕಾಗುವುದಕ್ಕೆ ಹುಳ ಕಾರಣವಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಹೊರಗವಚವನ್ನು ಕರಗಿಸುತ್ತದೆ. ಹಾಲುಹಲ್ಲಿನ ಕವಚ ಶಾಶ್ವತ ಹಲ್ಲಿನದಕ್ಕಿಂತ ತೆಳು. ಆಮ್ಲವನ್ನು ತಗ್ಗಿಸುವ ಜೊಲ್ಲು ನಿದ್ದೆಯಲ್ಲಿ ಕಡಿಮೆಯಾಗುತ್ತದೆ. ರಾತ್ರಿಯ ಸಿಹಿಹಾಲು ಅಪಾಯಕಾರಿಯಾಗುವುದು ಹೀಗೆ. ಬೆಲ್ಲ, ಬಿಸ್ಕತ್ತು, ಮಿಠಾಯಿಗಳ ವಿಷಯದಲ್ಲಿಯೂ ಎಷ್ಟು ತಿಂದಿತೆಂಬುದಕ್ಕಿಂತ ಎಷ್ಟು ಸಲ ತಿಂದಿತೆಂಬುದು ಹೆಚ್ಚು ಮುಖ್ಯ.

ಇನ್ನು ಪಾಲನೆಯ ಕ್ರಮ. ಮೊದಲ ಹಲ್ಲು ಕಂಡ ದಿನದಿಂದಲೇ ಮೃದುವಾದ ಸಣ್ಣ ಬ್ರಷ್ಷಿನಿಂದ ದಿನಕ್ಕೆರಡು ಸಲ ಉಜ್ಜಬೇಕು. ರಾತ್ರಿ ಮಲಗುವ ಮುನ್ನ ತಪ್ಪಲೇಬಾರದು. ಫ್ಲೋರೈಡುಳ್ಳ ಪೇಸ್ಟು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಸಾಕು. ಇದ್ದಿಲು, ಇಟ್ಟಿಗೆಪುಡಿಗಳು ಕವಚವನ್ನು ಸವೆಸುತ್ತವೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಕೊಡಬೇಕು. ವಸಡಿನ ಅಂಚಿನ ಹಲ್ಲಿನ ಮೇಲೆ ಸುಣ್ಣದಂಥ ಬಿಳಿಗೆರೆ ಕಂಡರೆ ಅದು ಮೊದಲ ಎಚ್ಚರಿಕೆ. ಆಗ ವೈದ್ಯರಲ್ಲಿಗೆ ಹೋದರೆ ಕೀಳುವ ಕಷ್ಟ ತಪ್ಪಬಹುದು. ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸುವುದು ಉತ್ತಮ.

ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದುಂಟು. ಅಂಥ ನೀರು ಕುಡಿದು ಬೆಳೆದ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಕಂದು ಕಲೆ ಮೂಡಬಹುದು. ಅಲ್ಲಿಯವರು ಶುದ್ಧೀಕರಿಸಿದ ನೀರನ್ನು ಬಳಸಬೇಕು. ಪೇಸ್ಟಿನ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಬೇಕು.

ಆರನೆಯ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದು ತಿಳಿದು ಕೆಡಿಸಿಕೊಳ್ಳುವವರು ಬಹಳ. ಕೆಟ್ಟು ಹೋದರೆ ಇದರ ಜಾಗಕ್ಕೆ ಮತ್ತೊಂದು ಬರುವುದಿಲ್ಲ.

ಸಹಪಾಠಿಗಳೇ, ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ಮೊದಲ ಪದವೀಧರರಾಗಲಿರುವವರು. ನಮ್ಮ ಓದು ಮೊದಲು ಮುಟ್ಟಬೇಕಾದದ್ದು ಮನೆಯ ಮಗುವನ್ನು. ಅಕ್ಕನ ಮಗನಿಗೆ ಈಗ ಐದು ವರ್ಷ. ರಾತ್ರಿ ಊಟವಾದ ಮೇಲೆ ನಾನೇ ಅವನ ಹಲ್ಲು ಉಜ್ಜುತ್ತೇನೆ. ನಾನು ಮರೆತ ದಿನ, “ಹುಡುಗನ ಹಲ್ಲು ತಿಕ್ಕಿದೆಯೇನವ್ವ?” ಎಂದು ನೆನಪಿಸುವವರು ಅಜ್ಜಿಯೇ.

— ಅಂತಿಮ ಬಿ.ಎ. ವಿದ್ಯಾರ್ಥಿನಿ