ಕೊನೆಗೆ ಸರಿ ಇದ್ದದ್ದು ಎಷ್ಟೊತ್ತಿಗೆ?

ತಮ್ಮಾ, ನೀನು ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯುತ್ತಿರುತ್ತೀ. ಔರಾದ್ ಕಡೆಯ ಹಳ್ಳಿಯಿಂದ ಫೋನು ಬರುತ್ತದೆ: "ಮುತ್ಯಾಗ ಲಕ್ವಾ ಹೊಡದದ, ಬಾಯಿ ಸೊಟ್ಟ ಆಗ್ಯಾದ." ಗಾಬರಿಯಲ್ಲಿ ಹತ್ತು ಪ್ರಶ್ನೆ ಕೇಳಬೇಡ. ಒಂದೇ ಕೇಳು: ಮುತ್ಯಾ ಕೊನೆಗೆ ಸರಿ ಇದ್ದದ್ದನ್ನು ಯಾರು ನೋಡಿದರು, ಎಷ್ಟು ಗಂಟೆಗೆ? ಅದನ್ನು ಚೀಟಿಯಲ್ಲಿ ಬರೆಸು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳುವುದೂ ಅದನ್ನೇ.

ಮಿದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಬಂದಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಕೊನೆಗೆ ಸರಿ ಇದ್ದ ಹೊತ್ತಿನಿಂದ ನಾಲ್ಕೂವರೆ ತಾಸಿನೊಳಗೆ ಅದನ್ನು ಕೊಡಬೇಕು. ಬೇಗ ಕೊಟ್ಟಷ್ಟೂ ಕೈಕಾಲು ಮರಳಿ ಬರುವ ಆಸೆ ಹೆಚ್ಚು. ರಾತ್ರಿ 10ಕ್ಕೆ ಚೆನ್ನಾಗಿ ಮಲಗಿದವರಿಗೆ ಬೆಳಗಿನ 5ಕ್ಕೆ ಕೈ ಎತ್ತಲು ಬರದಿದ್ದರೆ ಲೆಕ್ಕ ಹತ್ತರಿಂದ, ಐದರಿಂದಲ್ಲ. ಹೊತ್ತು ಮೀರಿತೆಂದು ಮನೆಯಲ್ಲೇ ಮಲಗಿಸಲೂಬಾರದು. ದೊಡ್ಡ ನಾಳ ಕಟ್ಟಿದವರಲ್ಲಿ ಕೆಲವರಿಗೆ, ತೊಡೆಸಂದಿಯಿಂದ ತೆಳು ನಳಿಕೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವುದು 24 ತಾಸಿನವರೆಗೂ ಸಾಧ್ಯ.

ಆದರೆ ನಾಳ ಕಟ್ಟಿದರೂ ಅದೇ ಲಕ್ಷಣ, ನಾಳ ಒಡೆದರೂ ಅದೇ ಲಕ್ಷಣ. ಒಡೆದವರಿಗೆ ಈ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಕುತ್ತು. ಯಾವುದೆಂದು ಸಿ.ಟಿ. ಸ್ಕ್ಯಾನ್ ಹೇಳಬೇಕು, ನಾವಲ್ಲ. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ಚಹಾ, ನೀರು ಏನೂ ಕುಡಿಸಬಾರದು. ನುಂಗುವ ಶಕ್ತಿ ಹೋಗಿದ್ದರೆ ಅದು ಪುಪ್ಪುಸಕ್ಕೆ ಇಳಿಯುತ್ತದೆ. ಗಾಳಿ ಹೊಡೆದದೆಂದು ಎಣ್ಣೆ ತಿಕ್ಕುವವರು, ಪಾರಿವಾಳದ ರಕ್ತ ಹಚ್ಚಿರೆನ್ನುವವರು ಬಂದೇ ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ, ಜಗಳ ಬೇಡ. "ಮೊದಲ ಸ್ಕ್ಯಾನ್ ಮಾಡಿಸ್ಕೊಂಡು ಬರ್ತೀವಿ ಕಾಕಾ" ಅಂದು ಗಾಡಿ ಹತ್ತಿಸಲು ಹೇಳು.

ಗಾಡಿ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ನಮ್ಮವರು ಸೋಲುತ್ತಾರೆ. ಪರಿಚಯದವರೆಂದು ಸ್ಕ್ಯಾನ್ ಇಲ್ಲದ ದವಾಖಾನೆಗೆ ಒಯ್ದು, ಒಂದು ಸಲೈನ್ ಹಚ್ಚಿಸಿ, ಬೀಗರು ಬರಲೆಂದು ಕಾಯುತ್ತಾರೆ. ಭಾಲ್ಕಿಯಿಂದಲೂ ಔರಾದಿನಿಂದಲೂ ಬೀದರ್ 40 ಕಿಲೋಮೀಟರಿನ ಆಸುಪಾಸು. 108ಕ್ಕೆ ಕರೆ ಮಾಡಿ, ದಾರಿಯಲ್ಲೇ ಎರಡು ಮಾತು ವಿಚಾರಿಸಬೇಕು: ಈ ಹೊತ್ತಿಗೆ ಸಿ.ಟಿ. ನಡೆಯುತ್ತಿದೆಯೇ, ಹೆಪ್ಪು ಕರಗಿಸುವ ಇಂಜೆಕ್ಷನ್ ಹಾಕುತ್ತಾರೆಯೇ? ಬೀದರಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್ ಆಗಲಿ ಖಾಸಗಿ ಆಗಲಿ, ಹೌದು ಎಂದವರ ಬಾಗಿಲಿಗೇ ನೇರ. ಬೀದರ್ ದಾಟಿ ಹೈದರಾಬಾದ್ ಇನ್ನೂ ಸುಮಾರು 140 ಕಿಲೋಮೀಟರ್. ಇಲ್ಲೇ ಇಂಜೆಕ್ಷನ್ ಸಿಗುವುದಾದರೆ ಅದನ್ನು ಹಾಕಿಸಿಕೊಂಡು ಮುಂದೆ ಹೋಗುವುದು ಬೇರೆ, "ದೊಡ್ಡ ಊರಿಗೇ ಹೋಗಮು" ಎಂದು ಆ ತಾಸುಗಳನ್ನು ರಸ್ತೆಗೆ ಸುರಿಯುವುದು ಬೇರೆ.

ನರರೋಗ ತಜ್ಞರು ಎಲ್ಲ ಊರಲ್ಲೂ ಇರಲಾರರು, ನಿಜ. ಹಿಮಾಚಲ ಪ್ರದೇಶದಲ್ಲಿ 2014ರಿಂದ ಒಂದು ದಾರಿ ಮಾಡಿಕೊಂಡಿದ್ದಾರೆ: ಸಿ.ಟಿ. ಇರುವ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಮೊಬೈಲಿನಲ್ಲಿ ತಜ್ಞರಿಗೆ ಕಳಿಸಿ, ಅವರ ಸಲಹೆಯಂತೆ ಇಂಜೆಕ್ಷನ್ ಕೊಡುತ್ತಾರೆ. ಗುಡ್ಡಗಾಡಿನವರಿಗೆ ಆಗುವುದು ಬಯಲುಸೀಮೆಯ ನಮಗೇಕೆ ಆಗಬಾರದು? ಆಮದಾರರು ಓಟು ಕೇಳಲು ಬಂದಾಗ ರಸ್ತೆ, ಚರಂಡಿಯ ಜತೆ ಇದನ್ನೂ ಕೇಳಿ.

ಇಂಜೆಕ್ಷನ್ ಬಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಲಕ್ವಾ ರೋಗಿಗಳಿಗೆಂದೇ ಇರುವ ವಾರ್ಡಿನಲ್ಲಿ ಸಾವೂ ಪರಾಧೀನತೆಯೂ ಕಡಿಮೆ ಎಂದು ಜಗತ್ತಿನಾದ್ಯಂತ ಕಂಡಿದೆ. ಅಲ್ಲಿ ನಡೆಯುವುದು ಪವಾಡವೇನಲ್ಲ. ಊಟ ಕೊಡುವ ಮುಂಚೆ ನುಂಗಲು ಬರುತ್ತದೋ ನೋಡುತ್ತಾರೆ. ಬಿಪಿ, ಸಕ್ಕರೆ ಬರೆದಿಡುತ್ತಾರೆ. ಮಗ್ಗಲು ಬದಲಿಸುತ್ತಾರೆ, ಬೆನ್ನಿಗೆ ಹುಣ್ಣಾಗದಂತೆ. ಫಿಸಿಯೋಥೆರಪಿಯವರು ಬಂದು ಕೂರಿಸುತ್ತಾರೆ, ನಿಲ್ಲಿಸುತ್ತಾರೆ. ಮಾತು ತೊದಲಿದವರಿಗೆ ಮಾತು ಕಲಿಸುತ್ತಾರೆ. ಅಂಥ ವಾರ್ಡು ಸಿಗದಿದ್ದರೂ ಈ ಕೆಲಸಗಳನ್ನು ನರ್ಸಮ್ಮನ ಹತ್ತಿರ ಕೇಳಿ ಮಾಡಿಸಿಕೊಳ್ಳಬಹುದು.

ಇನ್ನೊಂದು ಮಾತು. ಬಾಯಿ ಸೊಟ್ಟಗಾಗಿ ಹತ್ತು ನಿಮಿಷದಲ್ಲಿ ತಾನೇ ಸರಿಹೋಯಿತೆಂದು ಅವ್ವ ಫೋನಿನಲ್ಲಿ ನಕ್ಕರೆ ನೀನು ನಗಬೇಡ. ದೊಡ್ಡದು ಬರುವ ಮುನ್ಸೂಚನೆ ಅದು. ಅದೇ ದಿನ ಆಸ್ಪತ್ರೆಗೆ ತೋರಿಸು. ಮತ್ತೆ ಬಿಪಿ ಇಳಿಯಿತೆಂದು ಗುಳಿಗೆ ಬಿಟ್ಟಿದ್ದಾಳೋ ಹೇಗೆ, ಈ ಸಲ ಊರಿಗೆ ಹೋದಾಗ ಗುಳಿಗೆ ಡಬ್ಬಿ ತೆಗೆದು ನೋಡು.