ಹಳೆಯ ಪ್ರಿಸಿಷನ್ ಬೇಸ್‌ಗೆ ಎರಡನೆಯ ಪಿಕಪ್: ಹಂತ ಹಂತವಾಗಿ

ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಹುಟ್ಟಿದ್ದು 1951ರಲ್ಲಿ. ಎರಡು ತುಂಡಾಗಿ ಕೂರುವ ಅದರ ಪಿಕಪ್ ಬಂದದ್ದು 1957ರಲ್ಲಿ. ಆ ತುಂಬು ದನಿಗೆ ಸಾಟಿಯಿಲ್ಲ, ಆದರೆ ಬೆರಳಿನ ಒಂದೊಂದು ಮೀಟನ್ನೂ ಬಿಡಿಸಿ ಕೇಳಿಸುವ ಮೊನಚು ಅದರಲ್ಲಿ ಕಡಿಮೆ. ಆ ಮೊನಚು ಬೇಕೆಂದರೆ 1960ರಲ್ಲಿ ಬಂದ ಜಾಝ್ ಬೇಸ್‌ನ ಬ್ರಿಡ್ಜ್ ಪಕ್ಕದ ಪಿಕಪ್ ಬೇಕು. ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನಲ್ಲಿ ನುಡಿಸಿದ, ಮಾತಾಡಿದಂತೆ ಕೇಳುವ ದನಿ ಬಹುಮಟ್ಟಿಗೆ ಆ ಪಿಕಪ್‌ನದೇ. ಬ್ರಿಡ್ಜ್ ಹತ್ತಿರ ತಂತಿಯ ಓಲಾಟ ಕಿರಿದಾಗಿರುವುದರಿಂದ ಅಲ್ಲಿ ಮೂಲ ಸ್ವರ ತೆಳ್ಳಗಾಗಿ ಹಾರ್ಮೋನಿಕ್‌ಗಳು ಮುಂದೆ ಬರುತ್ತವೆ. ಈ ಎರಡು ದನಿಗಳನ್ನು ಒಂದೇ ವಾದ್ಯದಲ್ಲಿ ಕೂಡಿಸುವ ವಿಧಾನ ಇಲ್ಲಿದೆ.

ಹಂತ 1: ಈ ಬೇಸ್‌ಗೆ ಕೈ ಹಾಕಬಹುದೇ?

ಫೆಂಡರ್ ಕಂಪನಿಯನ್ನು ಪ್ರಸಾರ ಕಂಪನಿ ಸಿಬಿಎಸ್ 1965ರ ಜನವರಿಯಲ್ಲಿ ಕೊಂಡಿತು. ಅದಕ್ಕಿಂತ ಹಿಂದಿನ, ಬಣ್ಣವೂ ಭಾಗಗಳೂ ಮೂಲದವೇ ಆಗಿರುವ ಬೇಸ್ ನಿಮ್ಮಲ್ಲಿದ್ದರೆ ದಯವಿಟ್ಟು ಕೊರೆಯಬೇಡಿ. ಹಣದ ಬೆಲೆ ಬೀಳುವುದು ಹಾಗಿರಲಿ, ಅಂಥವು ಉಳಿದಿರುವುದೇ ಕೆಲವು. ಮತ್ತೆ ಬಣ್ಣ ಹೊಡೆಸಿದ್ದು, ಈಗಾಗಲೇ ಯಾರೋ ಕೊರೆದದ್ದು, ಬಾಡಿ ಬದಲಾದದ್ದು ಈ ಕೆಲಸಕ್ಕೆ ತಕ್ಕದ್ದು. ತೀರ್ಮಾನಿಸುವ ಮೊದಲು ಪಿಕ್‌ಗಾರ್ಡ್ ಎತ್ತಿ ಪಾಟ್‌ಗಳ (ನಾಬ್‌ಗಳ ಕೆಳಗಿನ ಪೊಟೆನ್ಶಿಯೊಮೀಟರ್‌ಗಳ) ಬೆನ್ನ ಮೇಲಿನ ಅಂಕಿ ಓದಿ. 137ರಿಂದ ಶುರುವಾದರೆ ತಯಾರಕರು ಸಿಟಿಎಸ್, 304 ಆದರೆ ಸ್ಟ್ಯಾಕ್‌ಪೋಲ್. ಮುಂದಿನ ಅಂಕಿಗಳು ವರ್ಷ ಮತ್ತು ವಾರ: 304 66 20 ಎಂದಿದ್ದರೆ 1966ರ ಇಪ್ಪತ್ತನೆಯ ವಾರ. ಇದು ಪಾಟ್ ತಯಾರಾದ ದಿನವೇ ಹೊರತು ಬೇಸ್‌ನದಲ್ಲ, ಆದರೂ ಒಂದು ಸುಳಿವು.

ಹಂತ 2: ಕೊರೆಯುವ ಮೊದಲು ಕೇಳಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಹೊಸ ಪಿಕಪ್‌ನ ಎರಡು ವೈರ್‌ಗಳನ್ನು ಕ್ರೊಕೊಡೈಲ್ ಕ್ಲಿಪ್‌ಗಳಿಂದ ಬಿಡಿ ಜ್ಯಾಕ್ ಒಂದಕ್ಕೆ ಸಿಕ್ಕಿಸಿ, ಆಂಪ್‌ಗೆ ಜೋಡಿಸಿ. ಪಿಕಪ್ ಅನ್ನು ತಲೆಕೆಳಗಾಗಿ ಹಿಡಿದು, ತಂತಿಗಳಿಗೆ ತಾಗದಂತೆ ಮೂರ್ನಾಲ್ಕು ಮಿಲಿಮೀಟರ್ ಮೇಲಿರಿಸಿ. ಗೆಳೆಯರೊಬ್ಬರು ನುಡಿಸುತ್ತಿರಲಿ. ನೀವು ಅದನ್ನು ಬ್ರಿಡ್ಜ್‌ನಿಂದ ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ಸರಿಸುತ್ತಾ ಹೋಗಿ. ಒಂದು ಸೆಂಟಿಮೀಟರ್ ಸರಿದರೂ ದನಿ ಬದಲಾಗುವುದು ಕಿವಿಗೆ ತಿಳಿಯುತ್ತದೆ. ಅರವತ್ತರ ದಶಕದ ಮತ್ತು ಎಪ್ಪತ್ತರ ದಶಕದ ಜಾಝ್ ಬೇಸ್‌ಗಳ ದನಿಯಲ್ಲಿರುವ ವ್ಯತ್ಯಾಸಕ್ಕೆ ಒಂದು ಕಾರಣ ಇಷ್ಟೇ ಅಂತರ: ಎಪ್ಪತ್ತರ ದಶಕದಲ್ಲಿ ಬ್ರಿಡ್ಜ್ ಪಿಕಪ್ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಸರಿಯಿತು, ದನಿ ಇನ್ನಷ್ಟು ಚೂಪಾಯಿತು. ಇಷ್ಟವಾದ ಜಾಗವನ್ನು ಅಳೆದು ಬರೆದಿಡಿ. ಎಲ್ಲೂ ಇಷ್ಟವಾಗದಿದ್ದರೆ ಕೆಲಸ ಇಲ್ಲಿಗೇ ನಿಲ್ಲಿಸಿ. ಕೊರೆದ ಮರ ಹಿಂತಿರುಗುವುದಿಲ್ಲ.

ಬ್ರಿಡ್ಜ್ ಬದಿಯೇ ಆಗಬೇಕೆಂಬ ನಿಯಮವೂ ಇಲ್ಲ. ಬೇಸ್ ವಾದಕ ಬಿಲ್ಲಿ ಶೀಹನ್ ತಮ್ಮ ಪ್ರಿಸಿಷನ್‌ನ ಕುತ್ತಿಗೆಯ ಬದಿಗೆ ಗಿಬ್ಸನ್ ಇಬಿ-0 ಬೇಸ್‌ನ ಪಿಕಪ್ ಕೂರಿಸಿ, ಎರಡೂ ಪಿಕಪ್‌ಗಳನ್ನು ಬೇರೆ ಬೇರೆ ಜ್ಯಾಕ್‌ಗಳಿಂದ ಹೊರತಂದರು. ಮೊದಲ ಸಲ ಮಾಡುವವರಿಗೆ ಬ್ರಿಡ್ಜ್ ಬದಿಯೇ ಸುಲಭ.

ಹಂತ 3: ಸಾಮಾನು

ಜಾಝ್ ಬೇಸ್‌ನ ಬ್ರಿಡ್ಜ್ ಪಿಕಪ್ ಕುತ್ತಿಗೆ ಬದಿಯದಕ್ಕಿಂತ ತುಸು ಉದ್ದ. ಕೊಳ್ಳುವಾಗ ಕೇಳಿ ಕೊಳ್ಳಿ. ಒಂಟಿ ಸುರುಳಿಯದ್ದು ಗುಂಯ್‌ಗುಡುತ್ತದೆ. ನಮ್ಮ ಮನೆಯ ಕರೆಂಟು 50 ಹರ್ಟ್ಜ್. ದಪ್ಪ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49 ಹರ್ಟ್ಜ್. ಅಂದರೆ ಆ ಸದ್ದು ನೀವು ನುಡಿಸುವ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಹಾಗಾಗಿ ಸದ್ದು ಕಳೆಯುವ ಬಗೆಯದನ್ನೇ ಆರಿಸಿ; ಡಿಮಾರ್ಜಿಯೊ ಕಂಪನಿಯ ಮಾಡೆಲ್ ಜೆ ಅಂಥದ್ದು.

ಉಳಿದಂತೆ ಬೇಕಾದವು: ಒಂದರ ಮೇಲೊಂದು ಕೂತ 250 ಕಿಲೋಓಮ್‌ನ ಜೋಡಿ ಪಾಟ್, ಟೋನ್‌ಗೆ ಇನ್ನೊಂದು 250 ಕಿಲೋಓಮ್ ಪಾಟ್, 0.047 ಮೈಕ್ರೊಫ್ಯಾರಡ್ ಕೆಪಾಸಿಟರ್, ಜ್ಯಾಕ್, ಹೊಸ ಪಿಕ್‌ಗಾರ್ಡ್, ಮಲ್ಟಿಮೀಟರ್, 40 ವಾಟ್ ಸೋಲ್ಡರಿಂಗ್ ಐರನ್, ಮರ ಕೊರೆಯುವ ರೂಟರ್ ಮತ್ತು ಪಿಕಪ್‌ನ ಅಳತೆಯ ಅಚ್ಚು. ಜೋಡಿ ಪಾಟ್ ಹಾಕುವುದರಿಂದ ಮೂರನೆಯ ನಾಬ್‌ಗೆ ತೂತು ಬೇಡ. ಮೊದಮೊದಲ ಜಾಝ್ ಬೇಸ್‌ಗಳಲ್ಲೂ ಇಂಥವೇ ಇದ್ದವು.

ಹಂತ 4: ಬಿಚ್ಚುವುದು

ಮೊದಲು ಎಲ್ಲದರ ಫೋಟೊ ತೆಗೆಯಿರಿ. ತಂತಿ ಬಿಚ್ಚಿ, ಕುತ್ತಿಗೆಯ ನಾಲ್ಕು ಸ್ಕ್ರೂ ಕಳಚಿ. ಕುತ್ತಿಗೆ ಕೂರುವ ಗುಳಿಯಲ್ಲಿ ತೆಳ್ಳನೆಯ ರಟ್ಟಿನ ಚೂರು ಸಿಕ್ಕರೆ ಎಸೆಯಬೇಡಿ, ಅದು ಕುತ್ತಿಗೆಯ ಕೋನಕ್ಕೆಂದು ಇಟ್ಟದ್ದು. ಅಲ್ಲಿ ಕಾಣುವ ಪೆನ್ಸಿಲ್ ಬರಹವನ್ನು ಒರೆಸಬೇಡಿ.

ಹಳೆಯ ಪಿಕಪ್‌ನ ಎರಡು ವೈರ್ ಮತ್ತು ಬ್ರಿಡ್ಜ್‌ನಿಂದ ಬರುವ ಗ್ರೌಂಡ್ ವೈರ್, ಇಷ್ಟನ್ನು ಮಾತ್ರ ಪಾಟ್‌ಗಳ ಕಡೆಯಿಂದ ಬೆಸುಗೆ ಬಿಡಿಸಿ. ಹಳೆಯ ಪಿಕ್‌ಗಾರ್ಡ್, ಪಾಟ್, ಕೆಪಾಸಿಟರ್, ಜ್ಯಾಕ್ ಎಲ್ಲ ಒಂದೇ ಗೊಂಚಲಾಗಿ ಹೊರಬರಲಿ. ಪಿಕಪ್‌ನ ಕಡೆಗೆ ಕಾದ ಐರನ್ ತಾಗಿಸಲೇಬೇಡಿ. ಒಳಗಿನ ಸುರುಳಿಯ ತಾಮ್ರದ ಎಳೆ 0.06 ಮಿಲಿಮೀಟರ್‌ಗಿಂತ ಅಷ್ಟೇನೂ ದಪ್ಪವಿಲ್ಲ.

ಹಂತ 5: ಗುರುತು ಮತ್ತು ಕೊರೆತ

ಬಾಡಿಯ ಅಂಚು ಓರೆಯಾಗಿರುವುದರಿಂದ ಅದನ್ನು ಹಿಡಿದು ಅಳೆಯಬೇಡಿ. ಕುತ್ತಿಗೆಯನ್ನು ತಾತ್ಕಾಲಿಕವಾಗಿ ಕೂರಿಸಿ, ಎರಡು ಅಂಚಿನ ತಂತಿಗಳನ್ನು ಮಾತ್ರ ಕಟ್ಟಿ, ಅವುಗಳ ನೇರ ಕೆಳಗೆ ಗುರುತು ಹಾಕಿ. ಗುರುತು ಹಾಕುವ ಟೇಪ್ ಹಗುರವಾಗಿ ಅಂಟುವಂಥದ್ದಿರಲಿ, ಹಳೆಯ ಲ್ಯಾಕರ್ ಟೇಪಿನ ಜೊತೆಗೇ ಎದ್ದು ಬರಬಹುದು. ಪ್ರತಿ ತಂತಿಯೂ ಪಿಕಪ್‌ನ ಎರಡು ಅಯಸ್ಕಾಂತ ಗುಂಡಿಗಳ ನಡುವೆ ಹಾಯಬೇಕು.

ಆಮೇಲೆ ಕುತ್ತಿಗೆ ತೆಗೆದು, ಅಚ್ಚನ್ನು ಬಿಗಿದು, ಗೆರೆಯುದ್ದಕ್ಕೂ ಹರಿತವಾದ ಚಾಕುವಿನಿಂದ ಬಣ್ಣವನ್ನು ಸೀಳಿ. ಆಗ ಅಂಚು ಚಕ್ಕೆಯೇಳುವುದಿಲ್ಲ. ಬೇಡದ ಮರದ ತುಂಡಿನಲ್ಲಿ ಒಮ್ಮೆ ಪೂರ್ತಿ ಕೊರೆದು, ಪಿಕಪ್ ಕೂರಿಸಿ ನೋಡಿದ ಮೇಲೆಯೇ ಬೇಸ್‌ನತ್ತ ತಿರುಗಿ. ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಒಂದು ಸುತ್ತಿಗೆ ಮೂರು ಮಿಲಿಮೀಟರ್‌ನಂತೆ ಇಳಿಯುತ್ತಾ ಸುಮಾರು 19 ಮಿಲಿಮೀಟರ್ ಆಳಕ್ಕೆ ನಿಲ್ಲಿಸಿ. ಬಾಡಿಯ ದಪ್ಪ ಸುಮಾರು 44 ಮಿಲಿಮೀಟರ್. ರೂಟರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಈ ಭಾಗವನ್ನು ನುರಿತ ಬಡಗಿಗೆ ಒಪ್ಪಿಸಿ, ಎದುರಿಗೆ ನಿಂತು ಮಾಡಿಸಿ.

ಹೊಸ ಗುಳಿಯಿಂದ ಪಾಟ್‌ಗಳ ಗುಳಿಗೆ ಉದ್ದನೆಯ 6 ಮಿಲಿಮೀಟರ್ ಬಿಟ್‌ನಿಂದ ಓರೆಯಾಗಿ ವೈರ್‌ನ ದಾರಿ ಕೊರೆಯಿರಿ. ಬಿಟ್ ಉಜ್ಜುವ ಅಂಚಿಗೆ ರಟ್ಟು ಇಟ್ಟಿರಿ.

ಹಂತ 6: ವೈರಿಂಗ್

ಪ್ರಿಸಿಷನ್‌ನ ಮೂಲ ಜೋಡಣೆಯಲ್ಲಿ ಪಿಕಪ್ ಪಾಟ್‌ನ ಪಕ್ಕದ ಕಾಲಿಗೆ, ಹೊರದಾರಿ ನಡುವಿನ ಕಾಲಿಗೆ. ಎರಡು ಪಿಕಪ್‌ಗಳಿಗೂ ಹೀಗೇ ಮಾಡಿದರೆ ಒಂದರ ವಾಲ್ಯೂಮ್ ಪೂರ್ತಿ ಇಳಿಸಿದೊಡನೆ ಎರಡೂ ಮೌನವಾಗುತ್ತವೆ. ಜಾಝ್ ಬೇಸ್‌ನಲ್ಲಿರುವಂತೆ ತಿರುಗಿಸಿ: ಪಿಕಪ್‌ನ ಸಿಗ್ನಲ್ (ಹಾಟ್) ವೈರ್ ನಡುವಿನ ಕಾಲಿಗೆ, ಒಂದು ಪಕ್ಕದ ಕಾಲು ಗ್ರೌಂಡ್‌ಗೆ, ಇನ್ನೊಂದು ಪಕ್ಕದ ಕಾಲು ಹೊರಕ್ಕೆ. ಎರಡೂ ವಾಲ್ಯೂಮ್‌ಗಳ ಹೊರಕಾಲುಗಳನ್ನು ಕೂಡಿಸಿ ಟೋನ್ ಪಾಟ್‌ಗೆ, ಅಲ್ಲಿಂದ ಜ್ಯಾಕ್‌ನ ತುದಿಗೆ. ನಾಬ್ ಉಲ್ಟಾ ತಿರುಗುತ್ತಿದ್ದರೆ ಪಕ್ಕದ ಎರಡು ಕಾಲುಗಳನ್ನು ಅದಲುಬದಲು ಮಾಡಿ. ಬ್ರಿಡ್ಜ್‌ನ ಗ್ರೌಂಡ್ ವೈರ್ ಮರೆಯಬೇಡಿ.

ಹಂತ 7: ಪರೀಕ್ಷೆ

ಎರಡೂ ವಾಲ್ಯೂಮ್ ಪೂರ್ತಿ ಏರಿಸಿ ನುಡಿಸಿ. ದನಿ ತೆಳ್ಳಗಾಗಿ ಮಂದ್ರವೇ ಮಾಯವಾದರೆ ಪಿಕಪ್‌ಗಳು ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತಿವೆ. ಹೊಸ ಪಿಕಪ್‌ನ ಎರಡು ವೈರ್‌ಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಎರಡಕ್ಕಿಂತ ಹೆಚ್ಚು ವೈರ್‌ಗಳಿದ್ದರೆ ತಯಾರಕರ ನಕ್ಷೆಯಂತೆ ಹೋಗಿ. ಎಲ್ಲ ಸರಿಯಿದ್ದಾಗಲೂ ಎರಡೂ ಪೂರ್ತಿ ಏರಿದರೆ ನಡುದನಿ ತುಸು ಟೊಳ್ಳಾಗುವುದು ಸಹಜ. ಒಂದನ್ನು ಕೂದಲೆಳೆಯಷ್ಟು ಇಳಿಸಿದರೆ ಅದು ಮರಳಿ ತುಂಬಿಕೊಳ್ಳುತ್ತದೆ. ಬ್ರಿಡ್ಜ್ ಬಳಿ ದನಿ ಸಣ್ಣದಾದ್ದರಿಂದ ಹೊಸ ಪಿಕಪ್ ಅನ್ನು ತಂತಿಗೆ ತುಸು ಹತ್ತಿರ ಎತ್ತರಿಸಿ.

ಕಳಚಿದ ಹಳೆಯ ಗೊಂಚಲನ್ನು ಚೀಲಕ್ಕೆ ಹಾಕಿ, ಯಾವ ವೈರ್ ಎಲ್ಲಿತ್ತು ಎಂದು ಚೀಟಿ ಬರೆದು ಬೇಸ್‌ನ ಪೆಟ್ಟಿಗೆಯಲ್ಲೇ ಇಡಿ. ಮುಂದೊಂದು ದಿನ ಮಾರುವುದಾದರೆ ಕೊರೆದ ವಿಷಯವನ್ನು ಕೊಳ್ಳುವವರಿಗೆ ಮೊದಲೇ ಹೇಳಿ, ಆ ಚೀಲವನ್ನೂ ಕೊಟ್ಟು ಕಳಿಸಿ.